ಗುರ್ ಅನ್ನುವುದನ್ನು ಬಿಟ್ಟ ನಾಯಿ: ಒಂದು ಪ್ರಕರಣ

ಇದು ಮೈಸೂರಿನ ಒಂದು ಮನೆಯ ಪ್ರಕರಣ. ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಯಾರೆಂದು ಗೊತ್ತಾಗಬಾರದು ಅಂತ ಕೆಲವು ವಿವರ ಬದಲಾಯಿಸಿದ್ದೇನೆ. ನಾಯಿಯನ್ನು ಕಾಳ ಅಂತ ಕರೆಯೋಣ.

ನಾಯಿಗಳ ನಡವಳಿಕೆ ತಿದ್ದುವುದು ನನ್ನ ಕೆಲಸ. 'ತಿನ್ನುವಾಗ ಹತ್ತಿರ ಹೋದರೆ ಗುರ್ ಅನ್ನುತ್ತೆ' ಅನ್ನುವ ದೂರು ನನಗೆ ಹೊಸದಲ್ಲ. ಈ ಮನೆಯ ದೂರು ಮಾತ್ರ ಉಲ್ಟಾ ಇತ್ತು. 'ಗುರ್ ಅನ್ನಲೇ ಇಲ್ಲ ಸಾರ್, ಸೀದಾ ಬಾಯಿ ಹಾಕಿಬಿಡ್ತು' ಅಂದರು.

ಹಿನ್ನೆಲೆ

ಮನೆಯಲ್ಲಿ ತಾತ, ಅವರ ಮಗ, ಸೊಸೆ, ಆರು ವರ್ಷದ ಮೊಮ್ಮಗಳು. ಕಾಳ ನಮ್ಮ ನಾಡಿನದೇ ಬೀದಿ ತಳಿ. ಮರಿಯಾಗಿದ್ದಾಗ ಗೇಟಿನ ಹತ್ತಿರ ಸಿಕ್ಕಿತ್ತು. ನನಗೆ ಕರೆ ಬಂದಾಗ ಅದಕ್ಕೆ ಮೂರು ವರ್ಷ. ಸಂತಾನಹರಣ ಆಪರೇಷನ್ ಆಗಿತ್ತು. ರೇಬಿಸ್ ಲಸಿಕೆ ಪ್ರತಿವರ್ಷ ಹಾಕಿಸುತ್ತಿದ್ದರು. ಮಗುವಿನ ಜೊತೆ ಚೆಂಡಾಡುತ್ತಿತ್ತು, ತಾತನ ಜೊತೆ ಬೆಳಗಿನ ವಾಕಿಂಗ್. ಊಟದ ತಟ್ಟೆಯ ಮುಂದೆ ಇದ್ದ ಹೊತ್ತು ಬಿಟ್ಟರೆ ಬೇರೆ ಯಾವಾಗಲೂ ಯಾರ ತಂಟೆಗೂ ಹೋಗದ ನಾಯಿ.

ತಟ್ಟೆಯ ಮುಂದೆ ಗುರುಗುಟ್ಟುವುದು ಒಂದು ವರ್ಷ ತುಂಬುವ ಹೊತ್ತಿಗೆ ಶುರುವಾಗಿತ್ತು. ಮಗನಿಗೆ ಯಾರೋ ಒಂದು ಉಪಾಯ ಹೇಳಿದರು: ತಿನ್ನುವಾಗ ತಟ್ಟೆಗೆ ಕೈ ಹಾಕು, ಗುರ್ ಅಂದರೆ ತಟ್ಟೆ ಕಿತ್ತುಕೋ, ಮನೆಗೆ ಯಜಮಾನ ಯಾರು ಅಂತ ಅದಕ್ಕೆ ಗೊತ್ತಾಗಬೇಕು. ಮಗನಿಗೆ ಆಫೀಸಿನ ಓಡಾಟ, ಹೊತ್ತಿಲ್ಲ. ಆ ಕೆಲಸವನ್ನು ತಾತ ವಹಿಸಿಕೊಂಡರು. ಕೈ ಹಾಕುವುದು, ಗುರ್ ಅಂದರೆ ಮೂತಿಗೆ ಒಂದು ಏಟು, ತಟ್ಟೆ ಮೇಲಕ್ಕೆ. ಕೆಲವೇ ವಾರಗಳಲ್ಲಿ ಕಾಳ ಗುರ್ ಅನ್ನುವುದನ್ನು ಬಿಟ್ಟಿತು. ಸಮಸ್ಯೆ ಮುಗಿಯಿತು ಅಂತ ಎಲ್ಲರೂ ನಂಬಿದರು. ನಂಬುವುದು ಸಹಜವೇ, ಯಾಕೆಂದರೆ ಮೇಲ್ನೋಟಕ್ಕೆ ಕಾಣುತ್ತಿದ್ದದ್ದು ಅಷ್ಟೇ.

ಈ 'ಯಜಮಾನ' ಸಿದ್ಧಾಂತ ಎಲ್ಲಿಂದ ಬಂತು ಅಂತ ಹೇಳಿಬಿಡುತ್ತೇನೆ, ಯಾಕೆಂದರೆ ಪ್ರತಿ ಮನೆಯಲ್ಲೂ ಇದು ಎದುರಾಗುತ್ತದೆ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬ ಸಂಶೋಧಕ ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳನ್ನು ನೋಡಿ ಬರೆದ. ಅವು ಮೇಲು ಕೀಳಿಗಾಗಿ ಕಾದಾಡುತ್ತಿದ್ದವು. ಅಮೆರಿಕದ ತೋಳ ಸಂಶೋಧಕ ಡೇವಿಡ್ ಮೀಚ್ 1970ರಲ್ಲಿ ಆ ವಿಚಾರವನ್ನು ಜನಪ್ರಿಯ ಮಾಡಿದರು. ಆಮೇಲೆ ಕಾಡಿನ ತೋಳಗಳನ್ನೇ ವರ್ಷಗಟ್ಟಲೆ ನೋಡಿ, 1999ರಲ್ಲಿ ಅವರೇ ಅದನ್ನು ತಿದ್ದಿದರು. ಕಾಡಿನ ತೋಳದ ಹಿಂಡು ಅಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮರಿಗಳ ಸಂಸಾರ. ಅಲ್ಲಿ ಕುರ್ಚಿಗಾಗಿ ಜಗಳ ಇಲ್ಲ. ತಿದ್ದುಪಡಿ ಆಗಿ ಇಷ್ಟು ವರ್ಷವಾದರೂ ನಮ್ಮ ಊಟದ ತಟ್ಟೆಗಳವರೆಗೆ ಅದು ಬಂದಿಲ್ಲ. ಅಷ್ಟಕ್ಕೂ ತಟ್ಟೆ ಕಾಯುವ ನಾಯಿ ಮನೆ ಆಳಲು ಹೊರಟಿಲ್ಲ. ಬಾಯಿಗೆ ಬಂದದ್ದು ಕೈತಪ್ಪಿ ಹೋಗುತ್ತದೆ ಅನ್ನುವ ಭಯ ಅದಕ್ಕೆ. ತಟ್ಟೆ ಕಿತ್ತುಕೊಂಡಾಗೆಲ್ಲ ಆ ಭಯ ನಿಜವಾಗುತ್ತದೆ.

ಆ ಭಾನುವಾರ

ಮಳೆಗಾಲ ಮುಗಿಯುತ್ತಿದ್ದ ಒಂದು ಭಾನುವಾರ. ಮನೆಯಲ್ಲಿ ಮಟನ್ ಸಾರು. ಕಾಳನಿಗೆ ಒಂದು ನಳ್ಳಿ ಮೂಳೆ ಸಿಕ್ಕಿತು. ಅದನ್ನು ಕಚ್ಚಿಕೊಂಡು ಹಾಲಿನ ದಿವಾನದ ಕೆಳಗೆ ಹೋಗಿ ಕೂತಿತು. ಮಗುವಿನ ಬಣ್ಣದ ಪೆನ್ಸಿಲ್ ಉರುಳಿ ಅಲ್ಲಿಗೇ ಹೋಯಿತು. ಮಗು ಬಗ್ಗಿ ಕೈ ಚಾಚಿದಳು. ಸದ್ದಿಲ್ಲ, ಏನಿಲ್ಲ. ಕೈ ಮೇಲೆ ಎರಡು ಹಲ್ಲಿನ ಗುರುತು, ರಕ್ತ.

ಸೊಸೆ ಆಗ ಮಾಡಿದ ಕೆಲಸ ಎಲ್ಲರೂ ತಿಳಿದಿರಬೇಕಾದ್ದು. ಮಗುವನ್ನು ಎತ್ತಿಕೊಂಡು ನೇರ ನಲ್ಲಿಯ ಕೆಳಗೆ ಹಿಡಿದು, ಸೋಪು ಹಚ್ಚಿ 15 ನಿಮಿಷ ತೊಳೆದರು. ಅರಿಸಿನ, ಸುಣ್ಣ, ಕಾಫಿಪುಡಿ ಏನೂ ಮೆತ್ತಲಿಲ್ಲ. ಆಸ್ಪತ್ರೆಯಲ್ಲಿ ರಕ್ತ ಬಂದ ಗಾಯವಾದ್ದರಿಂದ ಮೂರನೇ ದರ್ಜೆ, ಅಂದರೆ ಅತಿ ಗಂಭೀರ ಅಂತ ಪರಿಗಣಿಸಿ, ಗಾಯದ ಸುತ್ತ ರೇಬಿಸ್ ವಿರುದ್ಧ ತಕ್ಷಣ ರಕ್ಷಣೆ ಕೊಡುವ ಇಮ್ಯುನೊಗ್ಲಾಬ್ಯುಲಿನ್ ಚುಚ್ಚಿ, ಲಸಿಕೆಯ ಕೋರ್ಸ್ ಶುರು ಮಾಡಿದರು. ನಾಯಿಗೆ ಲಸಿಕೆ ಆಗಿದೆ ಅಂತ ಇದನ್ನು ಬಿಡುವ ಹಾಗಿಲ್ಲ. ನಾಯಿಯನ್ನು 10 ದಿನ ಗಮನಿಸಲು ಹೇಳಿದರು. ಅದು ಆರೋಗ್ಯವಾಗಿಯೇ ಇತ್ತು.

ಆ 10 ದಿನದೊಳಗೇ ನನಗೆ ಫೋನ್ ಬಂತು. ಮನೆಯಲ್ಲಿ ಎರಡು ಪಕ್ಷ. ಮಗ 'ಯಾರದಾದರೂ ತೋಟಕ್ಕೆ ಬಿಟ್ಟುಬಿಡೋಣ' ಅನ್ನುತ್ತಿದ್ದರು. ಸೊಸೆಗೆ ಮನಸ್ಸಿಲ್ಲ, ಆದರೆ ಮಗುವಿನ ಕೈಯ ಬ್ಯಾಂಡೇಜ್ ಕಣ್ಣ ಮುಂದೆ ಇದೆ. ತಾತ ಮಾತಾಡುತ್ತಲೇ ಇರಲಿಲ್ಲ.

ತೋಟದ ಮಾತಿಗೆ ನನ್ನ ಉತ್ತರ ಯಾವಾಗಲೂ ಒಂದೇ. ತೋಟದಲ್ಲೂ ಆಳಿನ ಮಕ್ಕಳಿರುತ್ತವೆ, ಅಲ್ಲೂ ಮೂಳೆ ಇರುತ್ತದೆ. ಇಲ್ಲಿ ಕಚ್ಚಿದ್ದನ್ನು ಮುಚ್ಚಿಟ್ಟು ಅಲ್ಲಿಗೆ ಕಳಿಸುವುದು ಬೇರೆಯವರ ಮಗುವಿನ ಕೈಗೆ ಸಮಸ್ಯೆ ದಾಟಿಸಿದ ಹಾಗೆ. ಊಟ ನೀರು ಸಿಗದ ಕಡೆ ಬಿಟ್ಟು ಬರುವುದಂತೂ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಆದರೆ ಇನ್ನೊಂದು ಮಾತೂ ಹೇಳಿದೆ. ಕಾಳನ ಬಾಯಲ್ಲಿ ತಿನ್ನುವ ವಸ್ತು ಇದ್ದಾಗ ಅದಕ್ಕೂ ಮಗುವಿಗೂ ನಡುವೆ ಒಂದು ಬಾಗಿಲು ಇರಬೇಕು. ಈ ಒಂದು ನಿಯಮ ಪಾಲಿಸಲು ಆಗದಿದ್ದರೆ, ಎಲ್ಲ ವಿಷಯ ತಿಳಿಸಿ ಮಕ್ಕಳಿಲ್ಲದ ಮನೆಗೆ ಕೊಡುವುದೇ ಸರಿ. ನಾಯಿಯನ್ನು ಉಳಿಸಿಕೊಳ್ಳಲೇಬೇಕು ಅಂತ ನಾನು ಯಾರನ್ನೂ ಒತ್ತಾಯಿಸುವುದಿಲ್ಲ. ಮನೆಯವರು ಒಂದು ತಿಂಗಳು ನೋಡೋಣ ಅಂದರು.

ಎರಡು ಸುಳಿವು

ಮೊದಲ ಸುಳಿವು ಸೊಸೆಯ ಮೊಬೈಲಿನಲ್ಲಿತ್ತು. ಕಚ್ಚುವುದಕ್ಕೆ ಸ್ವಲ್ಪ ದಿನ ಮುಂಚೆ ಸುಮ್ನೆ ತೆಗೆದ ವಿಡಿಯೊ. ಕಾಳ ಅನ್ನ ತಿನ್ನುತ್ತಿದೆ, ಬಾಲ ಸಣ್ಣಗೆ ಆಡುತ್ತಿದೆ. ತಾತ ಹಿಂದಿನಿಂದ ನಡೆದು ಬರುತ್ತಾರೆ. ಅಗಿಯುವುದು ಅರ್ಧಕ್ಕೆ ನಿಲ್ಲುತ್ತದೆ. ಬಾಲ ನಿಲ್ಲುತ್ತದೆ. ತಲೆ ಇನ್ನೂ ತಗ್ಗಿ ತಟ್ಟೆಯನ್ನು ಮುಚ್ಚುತ್ತದೆ. ಮುಖ ತಿರುಗಿಸದೆ ಕಣ್ಣು ಮಾತ್ರ ತಾತನ ಕಡೆ ಹೊರಳುತ್ತದೆ, ಕಣ್ಣಿನ ಬಿಳಿ ಭಾಗ ಅಂಚಿನಲ್ಲಿ ಕಾಣುತ್ತದೆ. ಆಮೇಲೆ ಅಗಿಯದೆ ಗಬಗಬ ನುಂಗಲು ಶುರು. ತಾತ ಬೆನ್ನು ಸವರುತ್ತಾರೆ, 'ನೋಡು, ಎಷ್ಟು ಸುಮ್ನೆ ತಿಂತಿದೆ' ಅನ್ನುತ್ತಾರೆ. ನಾವೆಲ್ಲ ಕೂತು ಆ ವಿಡಿಯೊವನ್ನು ನಿಧಾನಗತಿಯಲ್ಲಿ ಮತ್ತೆ ನೋಡಿದೆವು. ಎಲ್ಲಿ ಬಿಗಿಯಾಯಿತು ಅಂತ ಮೊದಲು ತೋರಿಸಿದ್ದು ಸೊಸೆ. ತಾತ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಇನ್ನೊಂದು ಸಲ ಹಾಕಮ್ಮ ಅಂದರು.

ಗುರುಗುಟ್ಟುವುದು ನಾಯಿಯ ಕೊನೆಯ ಸೌಜನ್ಯ. ಅದಕ್ಕಿಂತ ಮೊದಲು ಬಿಗಿತ, ಓರೆಗಣ್ಣು, ಗಬಗಬ ತಿನ್ನುವುದು, ತುಟಿ ಮೇಲೇರುವುದು ಎಲ್ಲ ಇರುತ್ತದೆ. ಅದಾದ ಮೇಲೆ ಉಳಿಯುವುದು ಗಾಳಿಗೆ ಬಾಯಿ ಹಾಕುವುದು, ಕಚ್ಚುವುದು. ಈ ಮನೆಯಲ್ಲಿ ಸದ್ದನ್ನು ಮಾತ್ರ ಏಟು ಹಾಕಿ ಕಿತ್ತಿದ್ದರು. ಒಳಗಿನ ಭಯ ಹಾಗೇ ಉಳಿದಿತ್ತು. ಜೊತೆಗೆ ತಾತನ ಕೈ ಅಂದರೆ ಇನ್ನಷ್ಟು ಭಯ.

ಎರಡನೇ ಸುಳಿವು ಔಷಧಿ ಚೀಟಿಗಳಲ್ಲಿ ಸಿಕ್ಕಿತು. ನಾನು ಪ್ರತಿ ಪ್ರಕರಣದಲ್ಲೂ ಹಿಂದಿನ ಕೆಲವು ತಿಂಗಳನ್ನು ಕಾಗದದ ಮೇಲೆ ಸಾಲಾಗಿ ಬರೆಸುತ್ತೇನೆ: ಆಹಾರ ಬದಲಾದದ್ದು, ನೆಂಟರು ಬಂದದ್ದು, ಕಾಯಿಲೆ, ಮಾತ್ರೆ. ಕಾಳನಿಗೆ ಮಳೆಗಾಲದಲ್ಲಿ ಮೈ ತುರಿಕೆ ಜೋರಾಗಿತ್ತು. ಅದಕ್ಕೆ ಪ್ರೆಡ್ನಿಸೊಲೋನ್ ಮಾತ್ರೆ ನಡೆಯುತ್ತಿತ್ತು. ಇದು ಸ್ಟೆರಾಯ್ಡ್. ತುರಿಕೆಗೆ ಒಳ್ಳೆಯ ಔಷಧಿಯೇ, ಆದರೆ ನಾಯಿಗೆ ಹಸಿವು, ಬಾಯಾರಿಕೆ, ಮೂತ್ರ ಮೂರನ್ನೂ ಜಾಸ್ತಿ ಮಾಡುತ್ತದೆ. ಕೆಲವು ನಾಯಿಗಳಲ್ಲಿ ಸಿಡುಕೂ ಹೆಚ್ಚುತ್ತದೆ. ಕೇಳಿದಾಗ ಸೊಸೆಗೆ ಒಂದೊಂದೇ ನೆನಪಾಯಿತು. ಆ ತಿಂಗಳು ಅದು ಕಸದ ಬುಟ್ಟಿ ಉರುಳಿಸಿತ್ತು, ತೆಂಗಿನ ಚಿಪ್ಪು ಕದ್ದಿತ್ತು, ರಾತ್ರಿ ಎದ್ದು ತಟ್ಟೆ ನೆಕ್ಕುತ್ತಿತ್ತು. ಮೊದಲೇ ಭಯ ಇದ್ದ ನಾಯಿಗೆ ಹಸಿವು ಸೇರಿಕೊಂಡಿತ್ತು.

ಮಾತ್ರೆಯನ್ನು ನಿಲ್ಲಿಸಿ ಅಂತ ನಾನು ಹೇಳಲಿಲ್ಲ, ಹೇಳುವ ಹಕ್ಕೂ ನನಗಿಲ್ಲ. ಸ್ಟೆರಾಯ್ಡನ್ನು ಥಟ್ಟನೆ ನಿಲ್ಲಿಸುವುದು ಅಪಾಯ. ಅವರ ಪಶುವೈದ್ಯರಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆವು. ಅವರು ಬಾಯಿ, ಕಿವಿ, ಕೀಲು ಎಲ್ಲ ಪರೀಕ್ಷಿಸಿದರು. ಎಲ್ಲೂ ನೋವಿನ ಕಾರಣ ಸಿಗಲಿಲ್ಲ. ಮಾತ್ರೆಯ ಪ್ರಮಾಣ ಹಂತಹಂತವಾಗಿ ಇಳಿಸಿ ನಿಲ್ಲಿಸಿದರು.

ಮೊದಲು ಬಾಗಿಲು

ಮೊದಲ ದಿನದಿಂದಲೇ ಕಾಳನ ಊಟ ಅಡುಗೆಮನೆಯ ಹಿಂದಿನ ಯುಟಿಲಿಟಿಯಲ್ಲಿ, ಬಾಗಿಲು ಹಾಕಿ. ತಿಂದು ಮುಗಿಸಿ ಅದೇ ಹೊರಗೆ ಬಂದ ಮೇಲೆ ತಟ್ಟೆ ತೆಗೆಯುವುದು. ಮೂಳೆ ಪೂರ್ತಿ ಬಂದ್. ದಿವಾನದ ಕೆಳಗೆ ರಟ್ಟಿನ ಪೆಟ್ಟಿಗೆ ತುಂಬಿ ಜಾಗ ಮುಚ್ಚಿಸಿದೆವು. ಮಗುವಿಗೆ ಒಂದೇ ಪಾಠ: ಕಾಳ ತಿನ್ನುತ್ತಿದ್ದರೆ, ಮಲಗಿದ್ದರೆ, ಬಾಯಲ್ಲಿ ಏನಾದರೂ ಇದ್ದರೆ ದೊಡ್ಡವರನ್ನು ಕರಿ. ಆರು ವರ್ಷದ ಮಗು ಅದನ್ನು ಪ್ರತಿ ಸಲ ನೆನಪಿಡುತ್ತದೆ ಅಂತ ನಂಬುವ ಹಾಗಿಲ್ಲ. ಅದಕ್ಕೇ ಬಾಗಿಲು. ಬಾಸ್ಕೆಟ್ ಮಾದರಿಯ ಬಾಯಿಕುಕ್ಕೆಯನ್ನೂ ಅಭ್ಯಾಸ ಮಾಡಿಸಿದೆವು, ನೆಂಟರು ಬಂದಾಗಿನ ಮಟ್ಟಿಗೆ.

ತಾತನ ಜೊತೆ ಮಾತಾಡುವುದು ಉಳಿದಿತ್ತು. ಅವರು ಮಂಡ್ಯ ಕಡೆಯ ಹಳ್ಳಿಯಲ್ಲಿ ಬೆಳೆದವರು. 'ಮುದ್ದೆ ಹಾಕಿ ನಾಯಿ ಸಾಕಿದೋರು ನಾವು, ಇವೆಲ್ಲ ಆಗ ಎಲ್ಲಿತ್ತು?' ಅಂದರು. ನಾನು ಕೇಳಿದೆ, 'ಸಾರ್, ಆಗ ನಾಯಿ ತಿನ್ನುವಾಗ ಯಾರು ಹತ್ತಿರ ಹೋಗ್ತಿದ್ರು?' ಅವರು ಸ್ವಲ್ಪ ಹೊತ್ತು ಯೋಚಿಸಿದರು. 'ಯಾರೂ ಇಲ್ಲ. ಉಣ್ಣೋ ನಾಯಿ ತಂಟೆಗೆ ಹೋಗಬೇಡ ಅಂತ ನಮ್ಮವ್ವ ಬಯ್ಯೋಳು.' ಅವತ್ತಿನಿಂದ ತಟ್ಟೆಗೆ ಕೈ ಹಾಕುವುದು ನಿಂತಿತು. ತೋಳಗಳ ಕಥೆ ಮಾಡದ ಕೆಲಸವನ್ನು ಅವರ ಅವ್ವನ ಬೈಗುಳ ಮಾಡಿತು.

ಆಮೇಲೆ ಅಭ್ಯಾಸ

ಬಾಗಿಲು ಹಾಕಿದ್ದೇ ಸಾಕಲ್ವಾ ಅಂತ ಮಗ ಕೇಳಿದರು. ಎಷ್ಟೋ ಮನೆಗೆ ಸಾಕು, ನಾನು ಅಲ್ಲಿಗೇ ನಿಲ್ಲಿಸಿದ ಪ್ರಕರಣಗಳೂ ಇವೆ. ಇಲ್ಲಿ ಒಂದಲ್ಲ ಒಂದು ದಿನ ಯಾರಾದರೂ ಬಾಗಿಲು ಮರೆಯುತ್ತಾರೆ. ಆ ದಿನ ಕಾಳನ ಎದೆಯಲ್ಲಿ ಭಯ ಕಡಿಮೆ ಇದ್ದರೆ ಒಳ್ಳೆಯದು.

ಯುಟಿಲಿಟಿ ಬಾಗಿಲಿಗೆ ಜಾಲಿ ಗೇಟು ಹಾಕಿಸಿದೆವು. ಅಡುಗೆಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ. ಆರು ಅಡಿ ದೂರದಲ್ಲಿ ಮನುಷ್ಯರು ಬಂದರೆ ಕಾಳ ಬಿಗಿಯಾಗುತ್ತಿತ್ತು. ನಾವು ಹತ್ತು ಅಡಿಯಲ್ಲಿ ಶುರು ಮಾಡಿದೆವು. ತಟ್ಟೆಯಲ್ಲಿ ದಿನದ ಮೊಸರನ್ನ. ಸೊಸೆ ಗೆರೆಯವರೆಗೆ ನಡೆದು ಬರುತ್ತಾರೆ, ಬೇಯಿಸಿದ ಕೋಳಿ ಲಿವರಿನ ಒಂದು ಚೂರನ್ನು ತಟ್ಟೆಯ ಪಕ್ಕಕ್ಕೆ ಎಸೆಯುತ್ತಾರೆ, ತಿರುಗಿ ಹೋಗುತ್ತಾರೆ. ಅಷ್ಟೇ. ಮಾತಿಲ್ಲ, ಸವರುವುದಿಲ್ಲ.

ಇದರಲ್ಲಿ ಕ್ರಮ ತಪ್ಪಬಾರದು. ಮೊದಲು ಮನುಷ್ಯರು ಬರಬೇಕು, ಆಮೇಲೆ ಲಿವರ್ ಬರಬೇಕು. ಲಿವರ್ ತೋರಿಸಿಕೊಂಡು ಬಂದರೆ ನಾಯಿ ನೋಡುವುದು ಲಿವರನ್ನೇ, ಮನುಷ್ಯರನ್ನಲ್ಲ. ಎಸೆಯುವ ಚೂರು ತಟ್ಟೆಯಲ್ಲಿರುವುದಕ್ಕಿಂತ ರುಚಿಯಾಗಿರಬೇಕು. ಮುಖ್ಯವಾಗಿ ತಿರುಗಿ ಹೋಗಬೇಕು. ಬಂದವರು ಕೊಟ್ಟು ಹೋಗುತ್ತಾರೆ, ಕಿತ್ತುಕೊಳ್ಳುವುದಿಲ್ಲ ಅಂತ ನಾಯಿಗೆ ಗೊತ್ತಾಗಬೇಕಲ್ಲ.

ಮುಂದಿನ ಗೆರೆಗೆ ಯಾವಾಗ ಹೋಗಬೇಕು ಅಂತ ಹೇಳುವುದು ಕ್ಯಾಲೆಂಡರ್ ಅಲ್ಲ, ನಾಯಿಯ ಮುಖ. ಹೆಜ್ಜೆ ಸದ್ದಿಗೆ ಕಾಳ ತಟ್ಟೆಯಿಂದ ಮುಖ ಎತ್ತಿ, ಬಾಯಿ ಸಡಿಲ ಬಿಟ್ಟು, 'ಈಗ ಏನು ತಂದೆ' ಅನ್ನುವ ಹಾಗೆ ನೋಡಿದರೆ ಮಾತ್ರ ಒಂದು ಅಡಿ ಮುಂದೆ. ತಲೆ ತಗ್ಗಿತು ಅಂದರೆ ಹಿಂದಕ್ಕೆ. ಸೊಸೆಗೆ ಒಲಿದ ಮೇಲೆ ಮಗ ಮತ್ತೆ ಹತ್ತು ಅಡಿಯಿಂದ ಶುರು ಮಾಡಿದರು. ಒಬ್ಬರ ವಿಷಯದಲ್ಲಿ ಕಲಿತದ್ದನ್ನು ನಾಯಿ ತಾನಾಗಿ ಇನ್ನೊಬ್ಬರಿಗೆ ಅನ್ವಯಿಸುವುದಿಲ್ಲ. ತಾತನದು ಎಲ್ಲರಿಗಿಂತ ನಿಧಾನವಾಯಿತು. ಕಾಳ ಅವರಿಗಾಗಿ ಮುಖ ಎತ್ತಲು ಎಷ್ಟೋ ವಾರ ಹಿಡಿಯಿತು. ಅವರು ಬೇಸರಿಸಲಿಲ್ಲ, ದಿನಾ ಸಂಜೆ ಲಿವರ್ ಕತ್ತರಿಸುವುದು ಅವರದೇ ಕೆಲಸವಾಯಿತು. ಮಗುವನ್ನು ಈ ಅಭ್ಯಾಸದಲ್ಲಿ ಸೇರಿಸಲೇ ಇಲ್ಲ.

'ಗುರುಗುಟ್ಟೋ ನಾಯಿಗೆ ಲಿವರ್ ಕೊಟ್ಟರೆ ಲಂಚ ಕೊಟ್ಟ ಹಾಗಲ್ವಾ?' ಅಂತ ಮಗ ಕೇಳಿದ್ದರು. ಈ ಪ್ರಶ್ನೆ ಬಾರದ ಮನೆಯೇ ಇಲ್ಲ. ಗುರ್ ಅಂದ ಮೇಲೆ ಕೊಡುತ್ತಿಲ್ಲ, ಗುರ್ ಅನ್ನುವ ಅಗತ್ಯವೇ ಬಾರದಷ್ಟು ದೂರದಲ್ಲಿ ಕೊಡುತ್ತಿದ್ದೇವೆ. ಭಯಪಟ್ಟವರಿಗೆ ತಿನ್ನಲು ಕೊಟ್ಟರೆ ಭಯ ಜಾಸ್ತಿಯಾಗುವುದಿಲ್ಲ.

ಒಂದು ಅಡ್ಡಪರಿಣಾಮ ಮಾತ್ರ ಆಯಿತು. ತಟ್ಟೆಯ ಜೊತೆಗೆ, ಬಾಯಲ್ಲಿರುವ ವಸ್ತು ಬಿಟ್ಟರೆ ಬದಲಿಗೆ ತಿಂಡಿ ಸಿಗುತ್ತದೆ ಅಂತಲೂ ಕಲಿಸುತ್ತಿದ್ದೆವು. ಕಾಳ ಬುದ್ಧಿವಂತ. ಮಗನ ಕಾಲುಚೀಲ ಕದ್ದು ತಂದು, ಅಡುಗೆಮನೆಯ ಮುಂದೆ ನಿಂತು ಬಾಲ ಆಡಿಸಲು ಶುರು ಮಾಡಿತು, ದಿನಕ್ಕೆ ನಾಲ್ಕಾರು ಸಲ. ನೋಡಲು ನಗು ಬಂದರೂ ಬಿಡುವ ವಿಷಯವಲ್ಲ. ಕಾಲುಚೀಲ ನೆಲದ ಮೇಲೆ ಬಿಡಬಾರದು, ಅಪಾಯವಿಲ್ಲದ್ದು ಕದ್ದರೆ ನೋಡಿಯೂ ನೋಡದಂತೆ ಇರಬೇಕು ಅಂತ ಹೇಳಿದೆ. 'ಬಿಡು' ಅನ್ನುವ ಅಭ್ಯಾಸವನ್ನು ನಾವೇ ಕೊಟ್ಟ ಹಗ್ಗದ ತುಂಡಿನ ಮೇಲೆ ಮಾಡಿಸಿದೆವು. ಬಿಟ್ಟ ಮೇಲೆ ತಿಂಡಿಯೂ ಸಿಗುತ್ತದೆ, ಹಗ್ಗವೂ ವಾಪಸ್ ಸಿಗುತ್ತದೆ. ಕಾಲುಚೀಲದ ವ್ಯಾಪಾರ ಕ್ರಮೇಣ ನಿಂತಿತು.

ಹೊಸತೊಡಕಿನ ದಿನ

ಯುಗಾದಿಯ ಮಾರನೆಯ ದಿನ ಹೊಸತೊಡಕು. ಆ ಸೀಮೆಯಲ್ಲಿ ಅವತ್ತು ಬಾಡೂಟ ಇಲ್ಲದ ಮನೆ ಕಡಿಮೆ. ಮನೆ ತುಂಬ ನೆಂಟರು. ಕಾಳನನ್ನು ಯುಟಿಲಿಟಿಯಲ್ಲಿ ಬಿಟ್ಟಿದ್ದರು. ಯಾರೋ ಕೈ ತೊಳೆಯಲು ಹೋದವರು ಗೇಟು ತೆರೆದು, ಪ್ರೀತಿಯಿಂದ ಒಂದು ಮೂಳೆಯನ್ನೂ ಕೊಟ್ಟರು. ಕಾಳ ಮೂಳೆ ಕಚ್ಚಿಕೊಂಡು ಹಾಲಿಗೆ ಬಂತು. ದಿವಾನದ ಕೆಳಗೆ ಜಾಗ ಇಲ್ಲ. ಗೋಡೆ ಮೂಲೆಗೆ ಹೋಗಿ ಕೂತಿತು. ನೆಂಟರ ಹುಡುಗನೊಬ್ಬ ಅದರ ಕಡೆ ಎರಡು ಹೆಜ್ಜೆ ಇಟ್ಟ.

ಕಾಳ ಗುರ್ ಅಂದಿತು. ಇಡೀ ಹಾಲಿಗೆ ಕೇಳಿಸುವಷ್ಟು ಜೋರಾಗಿ.

ತಾತ ಎದ್ದು ನಿಂತು 'ಯಾರೂ ಅಲ್ಲಾಡಬೇಡಿ' ಅಂದರು. ಹುಡುಗನ ಭುಜ ಹಿಡಿದು ಹಿಂದಕ್ಕೆ ಕರೆದುಕೊಂಡರು. ಸೊಸೆ ಮಕ್ಕಳನ್ನೆಲ್ಲ ರೂಮಿಗೆ ಕಳಿಸಿ ಬಾಗಿಲು ಹಾಕಿದರು. ತಾತ ದೂರದಿಂದಲೇ ಕೋಳಿ ಚೂರುಗಳನ್ನು ನೆಲದ ಮೇಲೆ ಎಸೆಯುತ್ತಾ ಯುಟಿಲಿಟಿ ಕಡೆಗೆ ದಾರಿ ಮಾಡಿದರು. ಮೂಳೆ ಬಿಟ್ಟು ಕಾಳ ಒಂದೊಂದೇ ಚೂರು ಆರಿಸುತ್ತಾ ಹೊರಟಿತು. ಗೇಟು ಹಾಕಿದ ಮೇಲೆ ಮಗ ಮೂಳೆ ಎತ್ತಿದರು.

ಅವತ್ತು ರಾತ್ರಿ ಮಗ ಫೋನ್ ಮಾಡಿ ತುಂಬ ಬೇಜಾರಿನಲ್ಲಿ ಹೇಳಿದರು, 'ಎಲ್ಲ ಹಾಳಾಯ್ತು ಸಾರ್, ಮತ್ತೆ ಗುರ್ ಅನ್ನೋಕೆ ಶುರು ಮಾಡಿದೆ.' ನನಗೆ ಆ ಆರು ತಿಂಗಳಲ್ಲಿ ಕೇಳಿದ ಅತಿ ಒಳ್ಳೆಯ ಸುದ್ದಿ ಅದು. ಸೆಪ್ಟೆಂಬರಿನಲ್ಲಿ ಇದೇ ಮೂಳೆಗೆ, ಇದೇ ಹಾಲಿನಲ್ಲಿ, ಸದ್ದಿಲ್ಲದೆ ಕಚ್ಚಿದ್ದ ನಾಯಿ ಈಗ ಬಾಯಿ ಬಿಟ್ಟು ಹೇಳುತ್ತಿದೆ. ಹೇಳಿದರೆ ಏಟು ಬೀಳುವುದಿಲ್ಲ ಅನ್ನುವ ನಂಬಿಕೆ ಅದಕ್ಕೆ ಬಂದಿದೆ. ಅದಕ್ಕಿಂತ ದೊಡ್ಡ ವಿಷಯ, ಕೇಳಿಸಿಕೊಂಡ ಮನೆಯವರು ಹಿಂದೆ ಸರಿದರು. ಗೇಟಿಗೆ ಚಿಲಕದ ಜೊತೆ ಬೀಗವೂ ಇರಬೇಕಿತ್ತು. ಅದನ್ನು ಮಾರನೆಯ ದಿನವೇ ಹಾಕಿಸಿದರು.

ಈಗಿನ ಸ್ಥಿತಿ

ಮನೆಯ ಮೂವರು ದೊಡ್ಡವರೂ ಕಾಳ ತಿನ್ನುವಾಗ ಪಕ್ಕದಲ್ಲೇ ಹಾದು ಹೋಗಬಹುದು. ತಟ್ಟೆಗೆ ಮಾತ್ರ ಯಾರೂ ಕೈ ಹಾಕುವುದಿಲ್ಲ, ಹಾಕಬೇಕಾದ ಅಗತ್ಯವೂ ಇಲ್ಲ. ಮೂಳೆಯ ಮೇಲೆ ನಾವು ಅಭ್ಯಾಸ ಮಾಡಿಸಲಿಲ್ಲ, ಮೂಳೆಯೇ ಇಲ್ಲದ ಬದುಕು ನಾಯಿಗೆ ಏನೂ ಕಷ್ಟವಲ್ಲ. ಊಟ ಈಗಲೂ ಬಾಗಿಲ ಹಿಂದೆಯೇ. ಇದು ಪೂರ್ತಿ ಗುಣವಾಯಿತಾ ಅಂತ ಕೇಳಿದರೆ, ಇಲ್ಲ. ಹೊಸ ಮನುಷ್ಯರು, ಹೊಸ ಜಾಗ, ತುಂಬ ಇಷ್ಟದ ತಿನಿಸು ಮೂರೂ ಒಟ್ಟಿಗೆ ಸೇರಿದರೆ ಕಾಳ ಮತ್ತೆ ಬಿಗಿಯಾಗಬಹುದು ಅಂತಲೇ ಮನೆಯವರಿಗೆ ಹೇಳಿದ್ದೇನೆ. ಮಗುವಿಗೆ ಕೆಲವು ತಿಂಗಳು ಅದರ ಹತ್ತಿರ ಹೋಗಲು ಭಯವಿತ್ತು. ಯಾರೂ ಬಲವಂತ ಮಾಡಲಿಲ್ಲ. ಈಗ ಚೆಂಡು ಎಸೆಯುತ್ತಾಳೆ. ಆಟ ಅಂಗಳದಲ್ಲಿ ಮಾತ್ರ, ದೊಡ್ಡವರು ಎದುರಿಗೆ ಇರುವಾಗ ಮಾತ್ರ.

ಮುಂದಿನ ಮಳೆಗಾಲದಲ್ಲಿ ತುರಿಕೆ ಮತ್ತೆ ಬಂತು. ಈ ಸಲ ಸೊಸೆ ಪಶುವೈದ್ಯರ ಬಳಿ ಹೋದ ತಕ್ಷಣ ಹಿಂದಿನ ವರ್ಷದ್ದನ್ನೆಲ್ಲ ಮೊದಲೇ ಹೇಳಿದರು. ವೈದ್ಯರು ಸ್ಟೆರಾಯ್ಡ್ ಬದಲು ಆಕ್ಲಾಸಿಟಿನಿಬ್ ಅನ್ನುವ ಬೇರೆ ಬಗೆಯ ಮಾತ್ರೆ ಬರೆದುಕೊಟ್ಟರು. ಬೆಲೆ ಜಾಸ್ತಿ, ಆದರೆ ಸ್ಟೆರಾಯ್ಡಿನ ಹಾಗೆ ಹಸಿವು ಕೆರಳಿಸುವುದಿಲ್ಲ. ಮುಂದೆ ಎಂದಾದರೂ ಸ್ಟೆರಾಯ್ಡ್ ಕೊಡಲೇಬೇಕಾದರೆ ಏನು ಮಾಡಬೇಕು ಅಂತಲೂ ಕೂತು ಬರೆದುಕೊಂಡಿದ್ದಾರೆ: ಅಷ್ಟು ದಿನ ಊಟವನ್ನು ಮೂರು ನಾಲ್ಕು ಸಲಕ್ಕೆ ಹಂಚಿ ಕೊಡುವುದು, ಕಸದ ಬುಟ್ಟಿ ಮೇಲಿಡುವುದು, ನೆಂಟರನ್ನು ಕರೆಯದಿರುವುದು, ಮಗು ಮನೆಯಲ್ಲಿರುವಾಗ ಜಾಲಿ ಗೇಟಿಗೆ ಬೀಗ. ಆ ಚೀಟಿ ಫ್ರಿಜ್ ಬಾಗಿಲ ಮೇಲಿದೆ, ತಾತನ ಕೈಬರಹದಲ್ಲಿ.